ಬಿಸಿಲು ಕೂಡಿಡುವ ಕಣಿವೆ

ಜರ್ಮನಿಯ ಪಶ್ಚಿಮ ಮೂಲೆಯಲ್ಲಿ, ಮೋಸೆಲ್ ನದಿಯ ದಂಡೆಯಲ್ಲಿ ಬ್ರೆಮ್ ಎಂಬ ಪುಟ್ಟ ಊರಿದೆ. ಅದರ ಬೆನ್ನಿಗಿರುವ ಕಾಲ್ಮೊಂಟ್ ಗುಡ್ಡದ ಇಳಿಜಾರು ಕೆಲವು ಕಡೆ 65 ಡಿಗ್ರಿ ದಾಟುತ್ತದೆ. ಕೈ ಊರದೆ ಹತ್ತಲಾಗದ ಜಾಗ. ಮೇಕೆ ಮೇಯಿಸಲೂ ಹಿಂದೆಮುಂದೆ ನೋಡಬೇಕಾದ ಈ ಕಲ್ಲುಗುಡ್ಡದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಯುರೋಪಿನಲ್ಲೇ ಅತ್ಯಂತ ಕಡಿದಾದ ದ್ರಾಕ್ಷಿ ತೋಟ ಎಂಬ ಹೆಸರು ಇದಕ್ಕಿದೆ. ನದಿಯ ಆಚೆ ದಡದಲ್ಲಿ ಸಮತಟ್ಟು ನೆಲ ಇದ್ದೇ ಇದೆ. ಅದನ್ನು ಬಿಟ್ಟು ಇಲ್ಲಿಗೇಕೆ ಹತ್ತಬೇಕು?

ಉತ್ತರ ಆಕಾಶದಲ್ಲಿದೆ. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ. ಮೋಸೆಲ್ ಕಣಿವೆ ಇರುವುದು ಉತ್ತರ ಅಕ್ಷಾಂಶ 50 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿ ಜೂನ್ ತಿಂಗಳ ನಡು ಮಧ್ಯಾಹ್ನವೂ ಸೂರ್ಯ 63-64 ಡಿಗ್ರಿಗಿಂತ ಮೇಲೇರುವುದಿಲ್ಲ. ದ್ರಾಕ್ಷಿ ಹಣ್ಣಾಗುವ ಅಕ್ಟೋಬರ್ ನಡುವಿಗೆ ಮಟಮಟ ಮಧ್ಯಾಹ್ನದ ಸೂರ್ಯನೂ 30 ಡಿಗ್ರಿಯ ಸ್ವಲ್ಪ ಮೇಲೆ, ದಿಗಂತದ ಕಡೆಗೇ ಜಾರಿದಂತಿರುತ್ತಾನೆ. ಅಂಥ ಓರೆ ಬಿಸಿಲು ಸಮತಟ್ಟು ನೆಲದ ಮೇಲೆ ತೆಳುವಾಗಿ ಹರಡಿಹೋಗುತ್ತದೆ. ಅದೇ ಬಿಸಿಲು ದಕ್ಷಿಣಕ್ಕೆ ಮುಖಮಾಡಿದ 60 ಡಿಗ್ರಿ ಇಳಿಜಾರಿಗೆ ನೇರವಾಗಿ ಬಡಿಯುತ್ತದೆ. ಗುಡ್ಡ ಹತ್ತಿದ್ದು ಸಾಹಸಕ್ಕಲ್ಲ, ಲೆಕ್ಕಾಚಾರಕ್ಕೆ. ಇಲ್ಲಿನ ರೈತರಿಗೆ ಕೊರತೆಯಿದ್ದದ್ದು ನೀರಿಗಲ್ಲ, ಬಿಸಿಲಿಗೆ. ಆ ಕಣಿವೆಯಲ್ಲಿ ಕಾಣುವ ಬಹುಪಾಲು ಏರ್ಪಾಡು ಆ ಕೊರತೆಯನ್ನು ತುಂಬಿಕೊಳ್ಳಲು ಮಾಡಿಕೊಂಡದ್ದು.

ಮೋಸೆಲ್ ಹುಟ್ಟುವುದು ಫ್ರಾನ್ಸಿನ ವೋಝ್ ಬೆಟ್ಟಗಳಲ್ಲಿ. ಲಕ್ಸೆಂಬರ್ಗಿನ ಅಂಚು ಸವರಿ, ಟ್ರಿಯರ್ ನಗರ ದಾಟಿ, ಕೋಬ್ಲೆನ್ಸ್‌ನಲ್ಲಿ ರೈನ್ ನದಿಯನ್ನು ಸೇರುತ್ತದೆ. ಟ್ರಿಯರ್ ದಾಟಿದ ಮೇಲೆ ಅದರ ನಡೆ ವಿಚಿತ್ರ. ಎಡಕ್ಕೆ ಬಲಕ್ಕೆ ಹೊರಳುತ್ತ, ಹೊರಟಲ್ಲಿಗೇ ಮರಳಿ ಬರುವಂತೆ ಸುತ್ತು ಹಾಕುತ್ತ ಹರಿಯುತ್ತದೆ. ಹೀಗಾಗಿ ದಕ್ಷಿಣ ಮುಖದ ಇಳಿಜಾರು ಒಮ್ಮೆ ಎಡದಂಡೆಯಲ್ಲಿ ಸಿಕ್ಕರೆ ಇನ್ನೊಮ್ಮೆ ಬಲದಂಡೆಯಲ್ಲಿ. ಬಿಸಿಲು ಬೀಳುವ ಮಗ್ಗುಲೆಲ್ಲ ದ್ರಾಕ್ಷಿ, ಬೀಳದ ಮಗ್ಗುಲು ಕಾಡು. ವೇಲೆನ್ ಊರಿನ ತೋಟದ ನಡುವೆ, ಬಂಡೆಯ ಮೇಲೆ, 1842ರಲ್ಲಿ ಯೋಡೊಕಸ್ ಪ್ರೂಮ್ ಎಂಬಾತ ನೆರಳು ಗಡಿಯಾರವೊಂದನ್ನು ಕಟ್ಟಿಸಿದ. ಕೂಲಿಯಾಳುಗಳಿಗೆ ಹೊತ್ತು ತಿಳಿಯಲು ಅದು ನೆರವಾಯಿತು. ನಿತ್ಯ ಬಿಸಿಲು ತಾಗದ ಜಾಗದಲ್ಲಿ ಅಂಥ ಗಡಿಯಾರ ಕಟ್ಟಿ ಪ್ರಯೋಜನವಿಲ್ಲವಷ್ಟೆ. ಇಂದು ಆ ತೋಟಕ್ಕೆ ಗಡಿಯಾರದ್ದೇ ಹೆಸರು, ಅಲ್ಲಿನ ವೈನ್ ಜರ್ಮನಿಯ ದುಬಾರಿ ವೈನ್‌ಗಳಲ್ಲೊಂದು.

ಇನ್ನು ಮಣ್ಣು. ಮಣ್ಣು ಎನ್ನುವುದೇ ಇಲ್ಲಿ ಸ್ವಲ್ಪ ಉತ್ಪ್ರೇಕ್ಷೆ. ತೋಟದ ನೆಲದಲ್ಲಿ ಕಣ್ಣಿಗೆ ಬೀಳುವುದು ಕಪ್ಪು ಬೂದು ಬಣ್ಣದ ಚಪ್ಪಟೆ ಕಲ್ಲು ಚೂರುಗಳು. ನಮ್ಮ ಹಿಂದಿನ ತಲೆಮಾರು ಬಳಪದಲ್ಲಿ ಅಕ್ಷರ ತಿದ್ದಿದ ಸ್ಲೇಟು ಇದೆಯಲ್ಲ, ಅದೇ ಕಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ ಡಿವೋನಿಯನ್ ಯುಗದ ಸಮುದ್ರದ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ ಸಿಕ್ಕು ಪದರು ಪದರಾಗಿ ಗಟ್ಟಿಯಾದದ್ದು. ಹೆಚ್ಚಿನ ಕಡೆ ನೀಲಿ ಬೂದು ಛಾಯೆ, ಯುರ್ತ್ಸಿಗ್ ಊರಿನ ಬಳಿ ಕೆಂಪು. ಹಗಲೆಲ್ಲ ಕಾಯ್ದ ಕಲ್ಲು ಸಂಜೆಯ ಮೇಲೆ ಆ ಕಾವನ್ನು ಬಳ್ಳಿಯ ಬುಡಕ್ಕೆ ಬಿಟ್ಟುಕೊಡುತ್ತದೆ. ಮಳೆ ಬಿದ್ದರೆ ನೀರು ನಿಲ್ಲದೆ ಸಂದಿಯಲ್ಲಿ ಇಳಿಯುತ್ತದೆ, ನೆಲ ಬೇಗ ಬಿಸಿಯಾಗುತ್ತದೆ. ಮೇಲೆ ಮಣ್ಣು ತೆಳುವಾದ್ದರಿಂದ ಬೇರು ಕಲ್ಲಿನ ಬಿರುಕು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ. ಮಳೆಗೆ ಜಾರಿ ಕೆಳಗೆ ಬಿದ್ದ ಚೂರುಗಳನ್ನು ಹಿಂದಿನವರು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲೆ ಹಾಕುತ್ತಿದ್ದರು. ಕಲ್ಲು ಹೊರುವುದೂ ಬೇಸಾಯದ ಕೆಲಸವೇ ಆಗಿತ್ತು.

ಕೆಳಗಿನ ನದಿ ಬೆಳಕನ್ನು ಪ್ರತಿಫಲಿಸುತ್ತದೆ, ಹಿಮ ಬೀಳುವ ರಾತ್ರಿಗಳಲ್ಲಿ ದಂಡೆಯ ಗಾಳಿ ತೀರಾ ತಣ್ಣಗಾಗದಂತೆ ತಡೆಯುತ್ತದೆ. ಹುನ್ಸ್‌ರುಕ್ ಮತ್ತು ಐಫೆಲ್ ಬೆಟ್ಟಸಾಲುಗಳು ಎರಡೂ ಬದಿಯಿಂದ ಚಳಿಗಾಳಿಗೆ ಅಡ್ಡ ನಿಲ್ಲುತ್ತವೆ.

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಮೇಲೂ ಸಿಗುವ ಬಿಸಿಲು ಅಷ್ಟಕ್ಕಷ್ಟೆ. ಅಷ್ಟರಲ್ಲೇ ಬದುಕುವುದನ್ನು ಕಲಿತ ತಳಿ ರೀಸ್ಲಿಂಗ್. ಬಿಳಿ ದ್ರಾಕ್ಷಿ, ಸಣ್ಣ ಗೊಂಚಲು, ನಿಧಾನ ಸ್ವಭಾವ. ಬೇರೆ ತಳಿಗಳ ಕೊಯ್ಲು ಮುಗಿದು ವಾರಗಳಾದರೂ ಬಳ್ಳಿಯಲ್ಲೇ ಉಳಿದು ಅಕ್ಟೋಬರಿನಲ್ಲಿ, ಕೆಲವೊಮ್ಮೆ ನವೆಂಬರಿನಲ್ಲಿ ಕೊಯ್ಲಿಗೆ ಬರುವುದು ಇದರ ಹಳೆಯ ರೂಢಿ. ಆ ನಿಧಾನದಲ್ಲೇ ಗುಟ್ಟಿದೆ. ಕಾಯಿ ಹಣ್ಣಾಗುವಾಗ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ದ್ರಾಕ್ಷಿಯ ಮುಖ್ಯ ಹುಳಿಗಳಲ್ಲಿ ಒಂದಾದ ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ರಾತ್ರಿ ಸೆಕೆಯಿದ್ದಷ್ಟೂ ಖರ್ಚು ಜಾಸ್ತಿ. ಮೋಸೆಲ್‌ನ ತಣ್ಣನೆ ರಾತ್ರಿಗಳಲ್ಲಿ ಆ ಹುಳಿ ಉಳಿಯುತ್ತದೆ. ಸಕ್ಕರೆ ಹೆಚ್ಚು ಏರುವ ಮೊದಲೇ ಪರಿಮಳ ಕೂಡಿಕೊಳ್ಳುತ್ತದೆ. ಪರಿಣಾಮ, ಮದ್ಯಸಾರ 8-9 ಪ್ರತಿಶತದಷ್ಟೇ ಇರುವ, ನಾಲಿಗೆಯ ಮೇಲೆ ಹಗುರವಾಗಿ ಕೂರುವ, ಆದರೆ ರುಚಿಯಲ್ಲಿ ಬಡವಲ್ಲದ ವೈನ್.

ಅದರಲ್ಲಿ ಉಳಿಯುವ ಸಿಹಿಯೂ ಚಳಿಯ ಕೊಡುಗೆಯೇ. ಹಿಂದೆ ನೆಲಮಾಳಿಗೆಯಲ್ಲಿ ಸಾವಿರ ಲೀಟರಿನ ಓಕ್ ಪೀಪಾಯಿಗಳಲ್ಲಿ ರಸ ಹುದುಗುತ್ತಿರುವಾಗಲೇ ಚಳಿಗಾಲ ಬಂದುಬಿಡುತ್ತಿತ್ತು. ಚಳಿಗೆ ಯೀಸ್ಟ್ ಮಲಗಿಬಿಡುತ್ತಿತ್ತು, ಒಂದಿಷ್ಟು ಸಕ್ಕರೆ ಹಾಗೇ ಉಳಿಯುತ್ತಿತ್ತು. ಈಗ ರಸವನ್ನು ಬೇಕೆಂದೇ ತಣ್ಣಗೆ ಮಾಡಿ, ಸೋಸಿ ನಿಲ್ಲಿಸುತ್ತಾರೆ. ಸಿಹಿ ವೈನ್ ಎಂದರೆ ಮೂಗು ಮುರಿಯುವ ರಸಿಕರು ಎಲ್ಲ ಕಡೆ ಇದ್ದಾರೆ, ಜರ್ಮನಿಯಲ್ಲೂ ಸಿಹಿಯಿಲ್ಲದ ವೈನ್‌ಗೇ ಬೇಡಿಕೆ ಹೆಚ್ಚು. ಆದರೆ ಆ ಚೂಪಾದ ಹುಳಿಯನ್ನು ಹಿಡಿದು ನಿಲ್ಲಿಸಲು ಎದುರಿಗೆ ಸ್ವಲ್ಪ ಸಿಹಿ ಬೇಕೇ ಬೇಕು. ಹುಣಸೆಹುಳಿಗೆ ಚೂರು ಬೆಲ್ಲ ಹಾಕಿ ಸಾರು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಪರಿಸ್ಥಿತಿ ಪೂರ್ತಿ ತಿರುವುಮುರುವು. ನಂದಿ ಬೆಟ್ಟದ ತಪ್ಪಲಲ್ಲಾಗಲಿ ವಿಜಯಪುರದಲ್ಲಾಗಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ರೆ ಎಂಬುದೇ ಇಲ್ಲ. ಅದಕ್ಕೇ ಬೆಳೆಗಾರರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಚಾಟ್ನಿ ಮಾಡಿ, ಅಂದರೆ ಕಡ್ಡಿ ಸವರಿ, ಬಳ್ಳಿಯ ವರ್ಷವನ್ನು ತಾವೇ ನಿರ್ಧರಿಸುತ್ತಾರೆ. ಸಕ್ಕರೆ ಬರುವುದು ಇಲ್ಲಿ ಸಮಸ್ಯೆಯೇ ಅಲ್ಲ, ಹುಳಿ ಉಳಿಸಿಕೊಳ್ಳುವುದೇ ಸಮಸ್ಯೆ.

ವೈನ್ ಬರಹಗಳಲ್ಲಿ ಪದೇಪದೇ ಬರುವ ಮಾತೊಂದಿದೆ: ಮೋಸೆಲ್‌ನ ವೈನಿನಲ್ಲಿ ಸ್ಲೇಟಿನ ರುಚಿಯಿದೆ, ಬೇರು ಆ ಕಲ್ಲಿನ ಸಾರವನ್ನು ಹೀರಿ ಹಣ್ಣಿಗೆ ತರುತ್ತದೆ ಎಂದು. ಕೇಳಲು ಚೆನ್ನ. ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ವರ್ಷಗಳಿಂದ ಪ್ರಶ್ನಿಸುತ್ತ ಬಂದಿದ್ದಾರೆ. ಕಲ್ಲಿಗೆ ಸ್ವತಃ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬಳ್ಳಿ ಹೀರುವುದು ನೀರಿನಲ್ಲಿ ಕರಗಿದ ಅಲ್ಪ ಪೋಷಕಾಂಶಗಳನ್ನು ಮಾತ್ರ. ಅವು ವೈನಿನಲ್ಲಿ ನಾಲಿಗೆಗೆ ಎಟುಕುವ ಪ್ರಮಾಣದಲ್ಲಿರುವುದಿಲ್ಲ ಎಂಬುದು ಅವರ ವಾದ. ನನಗೂ ಇದೇ ಸರಿ ಎನಿಸುತ್ತದೆ. ಸ್ಲೇಟು ಕೊಡುವುದು ರುಚಿಯನ್ನಲ್ಲ, ಕಾವನ್ನು ಮತ್ತು ನೀರಿನ ಹದವನ್ನು. ರುಚಿ ಕಟ್ಟಿಕೊಳ್ಳುವುದು ಹಣ್ಣಿನ ಕೆಲಸ. ಇಷ್ಟಕ್ಕೆ ಕಲ್ಲಿನ ಮಹತ್ವವೇನೂ ಕಡಿಮೆಯಾಗದು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಯುರೋಪಿನ ದ್ರಾಕ್ಷಿ ತೋಟಗಳನ್ನು ನುಂಗಿಹಾಕಿತು. ಅಂದಿನಿಂದ ಅಲ್ಲಿ ಹೆಚ್ಚಿನ ಕಡೆ ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಬಳ್ಳಿ ನೆಡುತ್ತಾರೆ. ಮೋಸೆಲ್‌ನ ಸ್ಲೇಟು ಚೂರುಗಳ ನಡುವೆ ಆ ಕೀಟಕ್ಕೆ ಬದುಕುವುದು ಕಷ್ಟ. ಹೀಗಾಗಿ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತ ಹಳೆಯ ಬಳ್ಳಿಗಳು ಇಂದಿಗೂ ಅಲ್ಲಿ ಸಿಗುತ್ತವೆ.

ಇಲ್ಲಿ ವೈನ್ ಹೊಸತೇನಲ್ಲ. ಟ್ರಿಯರ್ ರೋಮನರು ಕಟ್ಟಿದ ನಗರ. ನಾಲ್ಕನೇ ಶತಮಾನದಲ್ಲಿ ಔಸೋನಿಯಸ್ ಎಂಬ ಲ್ಯಾಟಿನ್ ಕವಿ ಈ ನದಿಯ ಮೇಲೊಂದು ದೀರ್ಘ ಕಾವ್ಯವನ್ನೇ ಬರೆದ. ಪೀಸ್‌ಪೋರ್ಟ್ ಊರಿನಲ್ಲಿ 1985ರಲ್ಲಿ ನೆಲ ಅಗೆಯುವಾಗ ರೋಮನ್ ಕಾಲದ ದ್ರಾಕ್ಷಿ ಹಿಂಡುವ ತೊಟ್ಟಿಗಳು ಸಿಕ್ಕವು. ಕೂಸ್ ಊರಿನ ದಾರ್ಶನಿಕ ಕಾರ್ಡಿನಲ್ ನಿಕೋಲಸ್ 1458ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿದ ಆಶ್ರಯಧಾಮ ಇಂದಿಗೂ ನಡೆಯುತ್ತಿದೆ. ಅದಕ್ಕೆ ಸ್ವಂತ ದ್ರಾಕ್ಷಿ ತೋಟಗಳಿವೆ. ರೀಸ್ಲಿಂಗ್ ಮಾತ್ರ ಇಲ್ಲಿ ತಳವೂರಿದ್ದು ನಿಧಾನಕ್ಕೆ. ಟ್ರಿಯರ್‌ನ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್ 1787ರಲ್ಲಿ ಕಳಪೆ ತಳಿಗಳನ್ನು ಕಿತ್ತು ಒಳ್ಳೆಯ ತಳಿ ನೆಡಬೇಕೆಂದು ಆಜ್ಞೆ ಹೊರಡಿಸಿದ ಮೇಲೆ ಅದಕ್ಕೆ ಬಲ ಬಂತು.

ಚಳಿನಾಡಿನ ವೈನಿನ ಹೊಗಳಿಕೆಯಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಚಳಿ ಎಂದರೆ ಹಸಿವು ಕೂಡ. ಬೇಸಿಗೆ ಕೈಕೊಟ್ಟ ವರ್ಷ ಕಾಯಿ ಹಣ್ಣಾಗುತ್ತಲೇ ಇರಲಿಲ್ಲ. 1815ರ ನಂತರ ಕಣಿವೆ ಪ್ರಷ್ಯಾದ ಪಾಲಾದಾಗ ಹೊಸ ಮಾರುಕಟ್ಟೆಯ ಆಸೆಗೆ ರೈತರು ತೋಟ ವಿಸ್ತರಿಸಿದರು. ಮುಂದೆ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟವಾಗಿ ದಕ್ಷಿಣದ ಅಗ್ಗದ ವೈನ್ ನುಗ್ಗಿತು, ಬೆಲೆ ನೆಲ ಕಚ್ಚಿತು, ಜೊತೆಗೆ ಕೆಟ್ಟ ಹವಾಮಾನ. ಸಾಲದಲ್ಲಿ ಮುಳುಗಿದ ರೈತರ ಬಗ್ಗೆ 1843ರ ಜನವರಿಯಲ್ಲಿ ಕಲೋನ್ ನಗರದ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯಲ್ಲಿ ಅದರ ಸಂಪಾದಕನೇ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಬರೆದ. ಅವನಿಗಾಗ 24 ವರ್ಷ. ಟ್ರಿಯರ್‌ನಲ್ಲೇ ಹುಟ್ಟಿದವನು, ಹೆಸರು ಕಾರ್ಲ್ ಮಾರ್ಕ್ಸ್. ಆ ವರ್ಷವೇ ಸರ್ಕಾರ ಪತ್ರಿಕೆಯನ್ನು ಮುಚ್ಚಿಸಿತು. ಕಾಡಿನ ಸೌದೆ ಕಳವಿನ ಕಾನೂನು ಮತ್ತು ಮೋಸೆಲ್ ರೈತರ ಪಾಡು, ಇವೆರಡೇ ಮಾರ್ಕ್ಸ್‌ನನ್ನು ಬರಿಯ ರಾಜಕೀಯದಿಂದ ಅರ್ಥಶಾಸ್ತ್ರದ ಕಡೆ ತಿರುಗಿಸಿದವು ಎಂದು ಎಂಗೆಲ್ಸ್ ಮುಂದೆ ನೆನೆದಿದ್ದಾನೆ.

ಬಾಟಲಿಯ ಚೀಟಿಯ ಮೇಲೂ ಆ ಬಡತನದ ಗುರುತಿದೆ. 1971ರ ಜರ್ಮನ್ ವೈನ್ ಕಾನೂನು ದರ್ಜೆ ಗೊತ್ತುಮಾಡಿದ್ದು ಕೊಯ್ಲಿನ ಹೊತ್ತಿಗೆ ರಸದಲ್ಲಿ ಎಷ್ಟು ಸಕ್ಕರೆಯಿತ್ತು ಎಂಬುದರ ಮೇಲೆ. ಕಾಬಿನೆಟ್, ಅದರ ಮೇಲೆ ಶ್ಪೇಟ್‌ಲೇಸೆ, ಅದರ ಮೇಲೆ ಔಸ್‌ಲೇಸೆ, ಹೀಗೆ ಏರುತ್ತ ಹೋಗುತ್ತದೆ. ಹಣ್ಣಾಗುವುದೇ ದೊಡ್ಡ ಸಾಧನೆಯಾದ ನಾಡಿನಲ್ಲಿ ಮಾತ್ರ ಸಕ್ಕರೆ ಇಂಥ ಮರ್ಯಾದೆ ಪಡೆದೀತು. ಬಿಸಿಲಿನ ದೇಶದವರಿಗೆ ಈ ಅಳತೆ ತಮಾಷೆಯಾಗಿ ಕಂಡರೆ ತಪ್ಪಿಲ್ಲ.

ದುಡಿಮೆಯಂತೂ ಹೇಳತೀರದು. ಕಡಿದಾದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಓಡದು, ಅಡ್ಡಕ್ಕೆ ತಂತಿ ಕಟ್ಟುವುದೂ ಸಲೀಸಲ್ಲ. ಹಳೆಯ ಪದ್ಧತಿಯಲ್ಲಿ ಬಳ್ಳಿಗೊಂದು ಗೂಟ, ಎರಡು ಕಡ್ಡಿಗಳನ್ನು ಹೃದಯಾಕಾರವಾಗಿ ಬಗ್ಗಿಸಿ ಅದಕ್ಕೇ ಕಟ್ಟುತ್ತಾರೆ. ಆಳು ಬಳ್ಳಿಯ ಸುತ್ತ ಎತ್ತ ಬೇಕಾದರೂ ನಡೆದು ಕೆಲಸ ಮಾಡಬಹುದು. ಕೆಳ ಮೋಸೆಲ್‌ನಲ್ಲಿ ಗಾರೆಯಿಲ್ಲದ ಕಲ್ಲುಕಟ್ಟೆಗಳ ಮೆಟ್ಟಿಲು ತೋಟಗಳು. ಗೋಡೆ ಕುಸಿದಾಗಲೆಲ್ಲ ಮತ್ತೆ ಕಟ್ಟಬೇಕು. ಅಲ್ಲಲ್ಲಿ ಒಂಟಿ ಹಳಿಯ ಮೇಲೆ ಹಲ್ಲು ಕಚ್ಚಿಕೊಂಡು ಏರುವ ಪುಟ್ಟ ಯಂತ್ರಗಾಡಿಗಳಿವೆ. ಕೊಯ್ಲಿಗೆ ಪೋಲೆಂಡ್, ರುಮೇನಿಯಾಗಳಿಂದ ಆಳುಗಳು ಬರುತ್ತಾರೆ. ಒಂದು ಕಾಲಕ್ಕೆ 12 ಸಾವಿರ ಹೆಕ್ಟೇರ್ ದಾಟಿದ್ದ ತೋಟ ಈಗ 9 ಸಾವಿರಕ್ಕೂ ಕಡಿಮೆ. ಮಕ್ಕಳು ಗುಡ್ಡ ಹತ್ತಲು ಒಪ್ಪದಿದ್ದರೆ ಕೆಲವೇ ವರ್ಷಗಳಲ್ಲಿ ಮುಳ್ಳುಪೊದೆ ಬಂದು ಕೂರುತ್ತದೆ.

ಹವಾಮಾನ ಬಿಸಿಯೇರಿ ಈಗ ಬಿಸಿಲಿನ ಲೆಕ್ಕವೇ ಬದಲಾಗುತ್ತಿದೆ. ಕೊಯ್ಲು ಸೆಪ್ಟೆಂಬರಿಗೇ ಶುರುವಾಗುವ ವರ್ಷಗಳು ಬಂದಿವೆ. ಬಿಸಿಲು ಹೆಚ್ಚಾದಾಗ ಹಣ್ಣು ಸುಡುತ್ತದೆ. ಹೆಚ್ಚು ಬಿಸಿಲುಂಡ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯಂಥ ಒಂದು ವಾಸನೆ ಬೇಗ ತಲೆ ಎತ್ತುತ್ತದೆ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣನ್ನು ಹಿಂಡಿ ಮಾಡುವ ಐಸ್‌ವೈನ್‌ಗೆ ಮೈನಸ್ 7 ಡಿಗ್ರಿಯ ಚಳಿ ಬೇಕು. 2019ರ ಬೆಳೆಗೆ ಜರ್ಮನಿಯ ಯಾವ ವೈನ್ ಪ್ರದೇಶದಲ್ಲೂ ಅಷ್ಟು ಚಳಿ ಬೀಳಲಿಲ್ಲ, ಐಸ್‌ವೈನ್ ಕೊಯ್ಲು ಇಡೀ ದೇಶದಲ್ಲಿ ಕೈತಪ್ಪಿತು. ಹಾಗೆಂದು ಚಳಿಯ ಕಾಟ ತೀರಿತೇ? ಅದೂ ಇಲ್ಲ. ಬೆಚ್ಚಗಿನ ವಸಂತಕ್ಕೆ ಬಳ್ಳಿ ಬೇಗ ಚಿಗುರುತ್ತದೆ, ಏಪ್ರಿಲ್‌ನ ಹಿಮ ಆ ಎಳೆ ಚಿಗುರಿನ ಮೇಲೆ ಬೀಳುತ್ತದೆ. 2024ರ ಏಪ್ರಿಲ್ ಕೊನೆಯಲ್ಲಿ ಉಪನದಿಗಳಾದ ಸಾರ್ ಮತ್ತು ರೂವರ್ ಕಣಿವೆಗಳ ತೋಟಗಳಿಗೆ ಆದದ್ದು ಇದೇ. ಆದರೂ, ಹಿಂದೆ ತೀರಾ ಚಳಿಯೆಂದು ಹತ್ತರಲ್ಲಿ ಕೆಲವೇ ವರ್ಷ ಒಳ್ಳೆಯ ಬೆಳೆ ಕಾಣುತ್ತಿದ್ದ ಈ ಪಕ್ಕದ ಕಣಿವೆಗಳಲ್ಲಿ ಈಗ ದ್ರಾಕ್ಷಿ ಸಲೀಸಾಗಿ ಹಣ್ಣಾಗುತ್ತದೆ. ಮುಂದಿನ ದಿನಗಳ ಅತ್ಯುತ್ತಮ ಮೋಸೆಲ್ ವೈನ್ ಹೆಸರಾಂತ ನಡು ಕಣಿವೆಯದ್ದಲ್ಲ, ಈ ತಣ್ಣನೆ ಬದಿಗಳದ್ದು ಎಂಬುದು ನನ್ನ ಅಂದಾಜು.

ಜರ್ಮನಿಯಲ್ಲಿ ನೆಲೆಸಿರುವ, ಇಲ್ಲವೇ ಆ ಕಡೆ ಹೋಗುವ ಕನ್ನಡಿಗರಿಗೆ ಒಂದು ಮಾತು. ಕೋಬ್ಲೆನ್ಸ್‌ನಿಂದ ಟ್ರಿಯರ್‌ಗೆ ಹೋಗುವ ರೈಲು ಕೋಖೆಮ್‌ವರೆಗೆ ನದಿಯನ್ನೇ ಹಿಡಿದು ಸಾಗುತ್ತದೆ, ಆಮೇಲೆ ಉದ್ದನೆಯ ಸುರಂಗ ಹೊಕ್ಕು ಎಲ್ಲರ್‌ನಲ್ಲಿ ಹೊರಬರುತ್ತದೆ. ಅಲ್ಲಿ ಇಳಿದರೆ ಕಾಲ್ಮೊಂಟ್ ತೋಟದ ನಡುವೆ ಹಾಯುವ ಕಾಲುದಾರಿ ಹತ್ತಿರದಲ್ಲೇ ಇದೆ. ಕುಡಿಯದವರಿಗೂ ಹೋಗಲು ಅಡ್ಡಿಯಿಲ್ಲ. ಗಟ್ಟಿ ಅಟ್ಟೆಯ ಬೂಟು ಮಾತ್ರ ಹಾಕಿಕೊಂಡು ಹೋಗಿ. ಸ್ಲೇಟಿನ ಚೂರು ಕಾಲ ಕೆಳಗೆ ಜಾರುತ್ತದೆ, ಮಳೆ ಬಂದ ದಿನವಂತೂ ಬೇಡವೇ ಬೇಡ.