ನಾಣ್ಯದ ಬೆಲೆ, ನಾಣ್ಯದ ನುಡಿ

ಹಳೆಯದಾದ ಮಾತ್ರಕ್ಕೆ ನಾಣ್ಯ ಬೆಲೆಬಾಳುವುದಿಲ್ಲ. ಶಾತವಾಹನರ ಸೀಸದ ನಾಣ್ಯಗಳು ದಖ್ಖನಿನಲ್ಲಿ ಹೇರಳವಾಗಿ ದೊರೆತಿರುವುದರಿಂದ ಅವುಗಳಲ್ಲಿ ಹೆಚ್ಚಿನವು ಇಂದಿಗೂ ಅಲ್ಪ ಬೆಲೆಗೆ ಕೈಬದಲಾಗುತ್ತವೆ. ಆದರೆ ನೂರು ವರ್ಷವೂ ತುಂಬದ ಅಮೆರಿಕದ ಚಿನ್ನದ ನಾಣ್ಯವೊಂದು 2021ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಮುಖಬೆಲೆ 20 ಡಾಲರು. 1933ರಲ್ಲಿ ಟಂಕಿಸಿದ ಆ ನಾಣ್ಯಗಳನ್ನು, ಸರ್ಕಾರ ಚಿನ್ನದ ಚಲಾವಣೆಯನ್ನು ನಿಲ್ಲಿಸಿದ್ದರಿಂದ, ಹೊರಬಿಡದೆ ಕರಗಿಸಲಾಯಿತು. ಉಳಿದ ಕೆಲವುಗಳಲ್ಲಿ ಖಾಸಗಿಯವರು ಕಾನೂನುಬದ್ಧವಾಗಿ ಹೊಂದಬಹುದಾದುದು ಇದೊಂದೇ.

ಹೀಗೆ ಹರಾಜಿನ ಬೆಲೆಯನ್ನು ವಿರಳತೆ ಮೊದಲು ನಿರ್ಧರಿಸುತ್ತದೆ. ಅಕ್ಷರಗಳೂ ಚಿತ್ರವೂ ಸವೆಯದೆ ಉಳಿದಿವೆಯೇ ಎಂಬುದು ಎರಡನೆಯದು. ಸಂಗ್ರಾಹಕರ ಬೇಡಿಕೆ ಮೂರನೆಯದು. ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬ ಪೂರ್ವಚರಿತ್ರೆ ನಾಲ್ಕನೆಯದು.

ಈ ನಾಲ್ಕನೆಯ ಅಂಶಕ್ಕೆ ಹೈದರಾಬಾದಿನ ನಿದರ್ಶನವೊಂದುಂಟು. ಜಹಾಂಗೀರ್ ಬಾದಶಹ 1613ರಲ್ಲಿ ಆಗ್ರಾದಲ್ಲಿ ಅಚ್ಚುಹಾಕಿಸಿದ ಸಾವಿರ ಮೊಹರಿನ ನಾಣ್ಯದ ತೂಕ ಸುಮಾರು 12 ಕಿಲೋ, ವ್ಯಾಸ ಸುಮಾರು 20 ಸೆಂಟಿಮೀಟರ್. ಅದನ್ನು ಪರ್ಷಿಯದ ರಾಯಭಾರಿ ಯಾದ್ಗಾರ್ ಅಲಿಗೆ ಕಾಣಿಕೆಯಾಗಿ ಕೊಡಲಾಯಿತು. ಮುಂದೆ ನಿಜಾಮರ ವಂಶದ ಸ್ವತ್ತಾಗಿತ್ತೆಂದು ಹೇಳಲಾಗುವ ಆ ನಾಣ್ಯ 1987ರ ನವೆಂಬರಿನಲ್ಲಿ ಜಿನೀವಾದ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಪ್ರಾಚ್ಯವಸ್ತುವೊಂದು ದೇಶದ ಗಡಿ ದಾಟಿದ್ದು ಹೇಗೆಂದು ಸಿಬಿಐ ತನಿಖೆಗೆ ಇಳಿಯಿತು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ನಾಣ್ಯವನ್ನು ಕೊಂಡವರು ಅದರ ಹಿಂದಿನ ಪ್ರಶ್ನೆಗಳನ್ನೂ ಕೊಂಡಂತೆಯೇ.

ಭಾಷೆಯ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಭಿನ್ನವಾದ ಇನ್ನೊಂದು ಬೆಲೆ ಕಾಣುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣದ ತೂಕ ಸುಮಾರು 4 ಗ್ರಾಂ ಮಾತ್ರ. ಅದರ ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರಗಳಲ್ಲಿ 'ಶ್ರೀ ತಲಕಾಡುಗೊಂಡ' ಎಂಬ ಬಿರುದು. 'ಕೊಂಡ' ಎಂಬುದರ ಕಕಾರಕ್ಕೆ ಗಕಾರ ಬಂದಿರುವ ಆದೇಶಸಂಧಿಯನ್ನು ವ್ಯಾಕರಣದ ತರಗತಿಯಲ್ಲಿ ಕಲಿತವನು ಇಲ್ಲಿ ಅದನ್ನು ಚಿನ್ನದ ಮೇಲೆಯೇ ಓದಬಹುದು. ಚೋಳರಿಂದ ತಲಕಾಡನ್ನು ಗೆದ್ದ ವಾರ್ತೆ ಆ ಒಂದು ಪದದಲ್ಲಿ ಸಂತೆಯಿಂದ ಸಂತೆಗೆ ಸಂಚರಿಸಿತು. ಶಾಸನಗಳಲ್ಲಿ ದತ್ತಿಯ ಲೆಕ್ಕವಾಗಿ ಬರುವ ಗದ್ಯಾಣ, ಪಣ, ಹಾಗ, ವೀಸಗಳು ಬರಿಯ ನಿಘಂಟಿನ ಪದಗಳಲ್ಲ, ಜನರ ಕೈಯಲ್ಲಿ ಹರಿದಾಡಿದ ಹಣ ಎಂಬುದು ಇಂಥ ನಾಣ್ಯದಿಂದ ಮನದಟ್ಟಾಗುತ್ತದೆ.

ಕರಣಕೋಟದ ಸೀಮೆಗೆ ಈ ವಿಚಾರ ದೂರದ್ದಲ್ಲ. 1956ರವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಊರ ಬದಿಯ ಕಾಗಿಣಾ ನದಿಯೇ ಮುಂದೆ ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡವನ್ನು ಮುಟ್ಟುತ್ತದೆ. ನಿಜಾಮರ ಕಾಲದಲ್ಲಿ ಇಲ್ಲಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಡೆಯುತ್ತಿತ್ತು. ಆ ಸರ್ಕಾರದ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಮೊತ್ತ ಅಚ್ಚಾಗಿರುತ್ತಿತ್ತು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಅಂಥ ನೋಟೊಂದು ಉಳಿದಿದ್ದರೆ, ಹರಾಜಿನಲ್ಲಿ ಅದಕ್ಕೆ ಎಷ್ಟು ಬಂದರೂ, ಈ ನೆಲದಲ್ಲಿ ಕನ್ನಡ ವ್ಯವಹಾರದ ನುಡಿಯಾಗಿತ್ತೆಂಬುದಕ್ಕೆ ಅದು ಸಾಕ್ಷಿ.

ತೊಗರಿ ಹೊಲ ಉಳುವಾಗಲೋ ಕಲ್ಲಿನ ಗಣಿ ತೋಡುವಾಗಲೋ ನಾಣ್ಯಗಳ ಕುಡಿಕೆ ದೊರೆತರೆ ಹೆಚ್ಚಾಗಿ ನಡೆಯುವುದು ಎರಡೇ: ಗುಟ್ಟಾಗಿ ಹಂಚಿಕೊಳ್ಳುವುದು, ಅಕ್ಕಸಾಲಿಗನ ಮೂಸೆಗೆ ಹಾಕುವುದು. ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವ ನಾಣ್ಯಗಳ ಜೊತೆಯಲ್ಲಿ ಸಿಕ್ಕಿತೆಂಬ ವಿವರ ಒಮ್ಮೆ ಅಳಿದರೆ ಯಾವ ಹಣಕ್ಕೂ ಮರಳಿ ದೊರೆಯದು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ವಿಧಿಸಿರುವುದರ ಪ್ರಯೋಜನ ಇದರಿಂದ ಅರ್ಥವಾಗುತ್ತದೆ.

ಹಳೆಯ ನಾಣ್ಯಕ್ಕೆ ಲಕ್ಷ ಕೊಡುವುದಾಗಿ ಮೊಬೈಲಿನಲ್ಲಿ ಆಸೆ ತೋರಿಸಿ, ಮೊದಲು ಶುಲ್ಕ ಕೇಳುವ ವಂಚಕರೂ ಇದ್ದಾರೆ. ತನ್ನ ಹೆಸರಿನಲ್ಲಿ ಇಂಥ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಮನೆಯಲ್ಲಿ ಹಳೆಯ ನಾಣ್ಯವಿದ್ದವರು ಅದನ್ನು ಹುಣಸೆಹುಳಿ ಹಾಕಿ ಉಜ್ಜಬಾರದು. ಉಜ್ಜಿದರೆ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಅದರ ಎರಡೂ ಬದಿಯ ಚಿತ್ರ ತೆಗೆದು, ತೂಕ ನೋಡಿ, ಅದು ಬಂದ ಬಗೆಯನ್ನು ಹಿರಿಯರಿಂದ ಕೇಳಿ ಬರೆದಿಡುವುದು ಮೊದಲ ಕೆಲಸ. ಬೆಲೆ ಕಟ್ಟುವುದು ಆಮೇಲಿನ ಮಾತು.