35 ಡಾಲರಿಗೆ ಎದ್ದು ಕೂತ ಹಾಟ್‌ಮೇಲ್

1999ರ ಡಿಸೆಂಬರ್ 24. ಕ್ರಿಸ್‌ಮಸ್ ಹಿಂದಿನ ದಿನ. ಹಾಟ್‌ಮೇಲ್ ಬಳಸುತ್ತಿದ್ದ ಅದೆಷ್ಟೋ ಮಂದಿಗೆ ತಮ್ಮ ಅಂಚೆಪೆಟ್ಟಿಗೆಯೇ ತೆರೆಯಲಿಲ್ಲ! ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಶುರುಮಾಡಿ, ಮರುವರ್ಷವೇ ಮೈಕ್ರೋಸಾಫ್ಟ್‌ಗೆ ಮಾರಿದ ಅದೇ ಹಾಟ್‌ಮೇಲ್. ಯಂತ್ರ ಕೆಟ್ಟಿರಲಿಲ್ಲ, ಯಾರೂ ಕನ್ನ ಹಾಕಿರಲಿಲ್ಲ. ಲಾಗಿನ್‌ಗೆ ಬೇಕಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಡೊಮೇನ್ ಹೆಸರಿನ ಶುಲ್ಕ ಬಾಕಿ ಉಳಿದಿತ್ತು. ಎಷ್ಟು? ಬರೀ 35 ಡಾಲರ್!

ಅಮೆರಿಕದ ಮೈಕೆಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ಕಾರಣ ಕೆದಕುತ್ತ ಹೋದರು, ಬಾಕಿ ಕಂಡಿತು, ತಮ್ಮದೇ ಕ್ರೆಡಿಟ್ ಕಾರ್ಡಿನಿಂದ ಕಟ್ಟಿಯೇಬಿಟ್ಟರು. ಹೆಸರು ಮೈಕ್ರೋಸಾಫ್ಟ್‌ದಾಗಿಯೇ ಉಳಿಯಿತು, ಹಾಟ್‌ಮೇಲ್ ಎದ್ದು ಕೂತಿತು. ಕಂಪನಿ ಅವರಿಗೆ 500 ಡಾಲರಿನ ಚೆಕ್ ಕಳಿಸಿತು. ದೈತ್ಯ ಕಂಪನಿಯೊಂದರ ಬಾಕಿಯನ್ನು ದಾರಿಹೋಕರೊಬ್ಬರು ತೀರಿಸಿದರು. ಇಂಟರ್ನೆಟ್ಟಿನ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಕಥೆ ಇನ್ನೊಂದಿಲ್ಲ.

ಇದಕ್ಕೂ ದೊಡ್ಡ ಬೆರಗು ಈಗಿನ ನಿಯಮಗಳಲ್ಲಿದೆ. ಅವಧಿ ಮುಗಿದ ಡಾಟ್ ಕಾಮ್ ಹೆಸರು ಆ ಗಳಿಗೆಯಲ್ಲೇ ಕೈಬಿಟ್ಟುಹೋಗುವುದಿಲ್ಲ! ಹೆಸರು ನೋಂದಾಯಿಸಿಕೊಟ್ಟ ಕಂಪನಿ, ಅಂದರೆ ರಿಜಿಸ್ಟ್ರಾರ್, ಮನಸ್ಸು ಮಾಡಿದರೆ 45 ದಿನಗಳವರೆಗೂ ಮಾಮೂಲಿಯಂತೆ ರಿನ್ಯೂ ಮಾಡಿಸಬಹುದು. ಅದೂ ದಾಟಿ ಹೆಸರು ಅಳಿಸುವ ಹಂತಕ್ಕೆ ಹೋದರೂ 30 ದಿನ ಹಳೆಯ ಒಡೆಯರಿಗೇ ಕಾದಿಟ್ಟಿರುತ್ತಾರೆ. ಆಗ ದಂಡ ಮಾತ್ರ ಜೋರು. ಆಮೇಲೆ 5 ದಿನ ಬೀಗ. ಆ ಐದು ದಿನ ಎಷ್ಟು ಹಣ ಸುರಿದರೂ ಒಡೆಯರಿಗೂ ಸಿಗದು. ಬೀಗ ತೆರೆದ ಕ್ಷಣವೇ, ಒಳ್ಳೆಯ ಹೆಸರಾದರೆ, ಹೊಂಚುಹಾಕಿ ಕೂತ ಕಂಪ್ಯೂಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿಕೊಂಡಿರುತ್ತವೆ!

ಇನ್ನೂ ಒಂದು ಸಂಗತಿ ಕೇಳಿ. ಹೆಸರುಗಳ ಜಾಗತಿಕ ಮೇಲ್ವಿಚಾರಣೆಯ ಸಂಸ್ಥೆ ಐಕ್ಯಾನ್. ಅದರ ನಿಯಮದಂತೆ, ಹೆಸರು ಅಳಿಸುವ ಮುನ್ನ ಕೆಲವು ದಿನ ಸೈಟನ್ನು ಬೇಕೆಂದೇ ನಿಲ್ಲಿಸುತ್ತಾರೆ, ಎಚ್ಚರಿಕೆಯ ಪತ್ರಗಳನ್ನು ನೋಡದ ಒಡೆಯರಿಗೂ ಗೊತ್ತಾಗಲಿ ಎಂದು. ಬಂದಾದ ಸೈಟೇ ಕೊನೆಯ ಕೂಗು! ಎಷ್ಟು ಕರುಣೆಯಿಂದ ಹೆಣೆದ ನಿಯಮ ಇದು!

ಆದರೆ ಸೈಟಿನ ಜೊತೆಗೇ ಆ ಡೊಮೇನಿನ ಇಮೇಲ್ ಕೂಡ ನಿಲ್ಲುತ್ತದೆ. ರಿಜಿಸ್ಟ್ರಾರ್ ಬಳಿ ಅದೇ ವಿಳಾಸ ಕೊಟ್ಟಿದ್ದರೆ ಆಮೇಲಿನ ಎಚ್ಚರಿಕೆ ನಿಮಗೆ ತಲುಪುವುದೇ ಇಲ್ಲ. ಇಂದೇ ನಿಮ್ಮ ಖಾತೆ ತೆರೆದು, ಬೇರೆ ಡೊಮೇನಿನ ಇಮೇಲ್ ವಿಳಾಸವೊಂದನ್ನು ಕೊಟ್ಟುಬಿಡಿ.