ಹೀರೋ ಎಂಟ್ರಿಗೆ ಸುರಂಗದ ದಾರಿ!

ಹೀರೋ ಎಂಟ್ರಿ ತಪ್ಪಿಸಿಕೊಂಡವನಿಗೆ ಸಿನಿಮಾ ನೋಡಿದ ಪುಣ್ಯವುಂಟೆ? ನೀವೇ ಹೇಳಿ! ಸೋಂಪುರದವನಾದ ನನ್ನ ಕೈಗೆ ಆ ಪುಣ್ಯ ಸಿಗದೇಹೋದದ್ದು ಎಷ್ಟು ಸಲವೋ…

ನಮ್ಮೂರು ನೆಲಮಂಗಲ ತಾಲ್ಲೂಕು, ದಾಬಸ್‌ಪೇಟೆ ಪಕ್ಕ. ಶಿವಗಂಗೆ ಬೆಟ್ಟ ಕೂಗಳತೆಯಲ್ಲಿ, ಮೆಜೆಸ್ಟಿಕ್ ಮಾತ್ರ ಸುಮಾರು 50 ಕಿಲೋಮೀಟರ್ ದೂರದಲ್ಲಿ. 2014ರ ಡಿಸೆಂಬರ್‌ನಲ್ಲಿ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಂತು. ಪಿಯುಸಿ ಪುಸ್ತಕದೊಳಗೆ ದುಡ್ಡು ಬಚ್ಚಿಟ್ಟುಕೊಂಡು ಬೆಳಗ್ಗೆಯೇ ಬಸ್ ಹತ್ತಿದೆ. ನೆಲಮಂಗಲದವರೆಗೆ ರಾಜಾರೋಷದ ಪ್ರಯಾಣ. ಗೊರಗುಂಟೆಪಾಳ್ಯದಲ್ಲಿ ಬಸ್ಸು ಎಮ್ಮೆಯ ಹಾಗೆ ನಿಂತುಬಿಟ್ಟಿತು! ಟಾಕೀಸು ಸೇರುವ ಹೊತ್ತಿಗೆ ಒಳಗಿನಿಂದ ಶಿಳ್ಳೆಯ ಸದ್ದು. ಯಶ್ ಎಂಟ್ರಿ ಆಗಿಹೋಗಿತ್ತು. ಆ ವರ್ಷ ಕಾಲೇಜೂ ಬಿಟ್ಟುಹೋಯಿತು ಬಿಡಿ, ಅದಕ್ಕೆ ಬಸ್ಸನ್ನು ದೂರುವುದಿಲ್ಲ.

ತಮಾಷೆ ಏನು ಗೊತ್ತಾ? ಆಗಲೇ ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೊ ಓಡುತ್ತಿತ್ತು. ಮೆಜೆಸ್ಟಿಕ್ ಮುಂದಿನ ಸ್ಟೇಷನ್ನೇ! ಆದರೆ ಆ ಒಂದು ಸ್ಟೇಷನ್ನಿಗೆ ನೆಲದಡಿ ಸುರಂಗ ಆಗಬೇಕಿತ್ತು. ಕೊರೆಯಲು ಬಂದ ಯಂತ್ರದ ಹೆಸರು ಗೋದಾವರಿ. ಬೆಂಗಳೂರಿನ ನೆಲದ ಹೊಟ್ಟೆಯಲ್ಲಿ ಒಂದು ಕಡೆ ಮೆದು ಮಣ್ಣು, ಪಕ್ಕದಲ್ಲೇ ಕರಿಕಲ್ಲು. ಯಂತ್ರದ ಹಲ್ಲು ಮಣ್ಣಿಗೆ ಒಗ್ಗಿದರೆ ಕಲ್ಲಿಗೆ ಸವೆಯುತ್ತದೆ. ಗೋದಾವರಿಯೂ ಹಾಗೇ ಕೆಟ್ಟು ತಿಂಗಳುಗಟ್ಟಲೆ ನೆಲದೊಳಗೇ ಕೂತಳು! ಹೊರಬಂದದ್ದು 2016ರಲ್ಲಿ. ಚಿಕ್ಕಪೇಟೆ ಕಡೆಯಿಂದ ಕಾವೇರಿ, ಕೃಷ್ಣಾ ಎಂಬ ಯಂತ್ರಗಳು ಹಳೇ ಮನೆಗಳ ಕೆಳಗೆ ನುಸುಳಿಕೊಂಡು ಬಂದವು. 2017ರ ಜೂನ್‌ನಲ್ಲಿ ನಮ್ಮ ಹಸಿರು ಮಾರ್ಗ ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿವರೆಗೆ ಓಡಿತು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಕೆಳಗೆ ಈಗ ನೇರಳೆ, ಹಸಿರು ಎರಡೂ ದಾರಿ ಒಂದರ ಮೇಲೊಂದು ಅಡ್ಡಹಾಯುತ್ತವೆ.

ಈ ಕನಸು ಬರೀ ಇಂಜಿನಿಯರುಗಳದ್ದು ಅಂದುಕೊಂಡಿರಾ? ಕಲ್ಕತ್ತದಲ್ಲಿ ದೇಶದ ಮೊದಲ ಮೆಟ್ರೊ ಓಡಿದ್ದು 1984ರಲ್ಲಿ. ಅದೇ ದಶಕದಲ್ಲಿ ನಮ್ಮ ಶಂಕರ್‌ನಾಗ್ ಬೆಂಗಳೂರಿಗೂ ಮೆಟ್ರೊ ಬೇಕು ಎಂದು ಕನಸು ಕಂಡಿದ್ದರು. 'ಆಟೋ ರಾಜ'ನಿಗೆ ರೈಲಿನ ಹುಚ್ಚು! 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ದಾಬಸ್‌ಪೇಟೆ ಮೇಲೆ ಹಾದುಹೋಗುವುದೂ ಅದೇ ಹೆದ್ದಾರಿ. ನಾನು ಹುಟ್ಟುವುದಕ್ಕೂ ಮುಂಚಿನ ಮಾತು. ಆದರೂ ಆಟೋ ಬೆನ್ನಿನ ಮೇಲೆ ಆ ಮುಖ ಕಂಡರೆ ಎದೆಯೊಳಗೆ ಏನೋ ಚುಳುಕ್ ಅನ್ನುತ್ತದೆ. ಬೆಂಗಳೂರಿನ ಮೊದಲ ಮೆಟ್ರೊ ಹೊರಟಿದ್ದು 2011ರ ಅಕ್ಟೋಬರ್ 20ಕ್ಕೆ. ಅವರು ಹೋಗಿ 21 ವರ್ಷ ಕಳೆದಿತ್ತು.

2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರಕ್ಕೂ ಬಂತು. ಈಗ ನಾನು ಅಲ್ಲಿಯವರೆಗೆ ಬಸ್ಸು, ಆಮೇಲೆ ರೈಲು. ಗೊರಗುಂಟೆಪಾಳ್ಯದ ಜಾಮನ್ನು ಮೇಲಿನಿಂದ ನೋಡಿ ಕೈಬೀಸುತ್ತೇನೆ! ಟಿಕೆಟ್ ದರದ ಮಾತು ಬೇರೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಬಾಲ್ಕನಿಯ ಆಸೆ ಬಿಟ್ಟು ಕೆಳಗೆ ಕೂರಬೇಕಷ್ಟೆ.

ಆದರೆ ಮಿತ್ರರೇ, ಸುರಂಗದಿಂದ ಮೇಲೆ ಬಂದರೆ ಕಾಣುವುದೇನು? ಸಾಗರ್ ಇಲ್ಲ. ಈ ಜಾಗಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೇ ಇಲ್ಲ! 1968ರಲ್ಲಿ ಶುರುವಾದ, ಸಾವಿರದ ನಾನೂರಕ್ಕೂ ಹೆಚ್ಚು ಸೀಟಿನ ಕಪಾಲಿ ಬಾಗಿಲು ಹಾಕಿದ್ದು 2017ರಲ್ಲಿ. ಅಂದರೆ ನಮ್ಮ ದಿಕ್ಕಿನ ರೈಲು ಬಂದ ವರ್ಷವೇ! ದಾರಿ ಸಲೀಸಾದಾಗ ಮನೆಯ ಯಜಮಾನನೇ ಇಲ್ಲ.

ಉಳಿದಿರುವ ಟಾಕೀಸಿನಲ್ಲಿ ಮೊನ್ನೆ ಫಸ್ಟ್ ಶೋಗೆ ಹೋಗಿದ್ದೆ. ಹೀರೋ ಎಂಟ್ರಿ ಸಿಕ್ಕಿತು, ಕ್ಲೈಮ್ಯಾಕ್ಸೂ ಸಿಕ್ಕಿತು. ಸೆಕೆಂಡ್ ಶೋ ನೋಡೋಣವೆಂದರೆ ಅದು ಬಿಡುವಷ್ಟರಲ್ಲಿ ಕೊನೆಯ ರೈಲೂ ಹೊರಟಿರುತ್ತದೆ. ರೈಲಿಳಿದು ಮಾದಾವರದ ರಸ್ತೆಯಲ್ಲಿ ನಿಂತೆ. ದಾಬಸ್‌ಪೇಟೆ ಬಸ್ಸಿನ ಸುಳಿವಿಲ್ಲ. ಕಡೆಗೆ ಒಬ್ಬ ಲಾರಿ ಡ್ರೈವರ್ ಬ್ರೇಕ್ ಹಾಕಿ ಕೇಳಿದ: "ಯಾವ ಪಿಚ್ಚರ್ ಗುರೂ?"